ಮೊದಲನೆಯ ‘ಯಾವು’

ಕಳೆದ ವಾರ ದೇರೆಬೈಲಿನಲ್ಲಿ ಬಸ್ಸಿಳಿದ ಕೂಡಲೇ ಮಳೆ ಹೊಡೆಯಿತು. ಓಡಿಹೋಗಿ ಅಬ್ಬಾಸಾಕರ ಅಂಗಡಿಯ ಮಾಡಿನ ಕೆಳಗೆ ನಿಂತೆ. ಹಗ್ಗ, ಹಿಡಿಸೂಡಿ, ಕೊಡೆ, ಚಾಪೆ ಮಾರುವ ಅಂಗಡಿ ಅದು. ಕೇದಗೆ ಜಾತಿಯ ಮುಂಡೇವಿನ ಓಲೆಯ ಹೊಸ ಚಾಪೆಗಳನ್ನು ಸುರುಳಿ ಸುತ್ತಿ ಬಾಗಿಲ ಪಕ್ಕದಲ್ಲಿ ಒರಗಿಸಿದ್ದರು. ಮಳೆಯ ತೇವ ಸೋಕಿ ಅವುಗಳಿಂದ ಒಣಹುಲ್ಲಿನಂಥ, ಸ್ವಲ್ಪ ಹೊಗೆ ಬೆರೆತಂಥ ವಾಸನೆ ಏಳುತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ಬಸ್ಸಿನ ನೂಕುನುಗ್ಗಲಿನಲ್ಲಿ ಕಿವಿಯವರೆಗೆ ಏರಿಕೊಂಡಿದ್ದ ನನ್ನ ಭುಜಗಳು ಕೆಳಗಿಳಿದವು, ಉಸಿರು ಉದ್ದವಾಯಿತು. ನಾನು ಹೇಳಿ ಮಾಡಿಸಿದ್ದಲ್ಲ. ಮೈಗೂ ನೆನಪಿರುತ್ತದೆ ಎಂದು ಯಾರಾದರೂ ಹೇಳಿದರೆ ಪುರಾವೆ ಕೇಳುವ ಪೈಕಿ ನಾನು. ಆದರೆ ಪುರಾವೆಯೇ ನಾನಾಗಿ ನಿಂತಾಗ ಯಾರನ್ನು ಕೇಳುವುದು?

ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಈಗ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಾರೆ. ಆಗ ಅದು ಖಾಲಿ ಕೋಣೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಮಳೆಗಾಲವನ್ನು ನಾನೂ ಅಮ್ಮನೂ ಆ ಕೋಣೆಯಲ್ಲಿ ಕಳೆದೆವು.

ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಓದಿನಲ್ಲಿ ಸಾಧಾರಣ, ಚರ್ಚಾಸ್ಪರ್ಧೆಯಲ್ಲಿ ಹುಲಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿದ ಮೇಲೆ ತಿಳಿದರೂ ನನಗೆ ಅಡ್ಡಿ ಇರಲಿಲ್ಲ, ಎರಡೂ ಕಡೆಗೆ ವಾದ ಸಿದ್ಧ ಇರುತ್ತಿತ್ತು. ಮನೆಯಲ್ಲಿ ನನ್ನ ಹೆಸರು ಶೋಭ ಎಂಬುದನ್ನು ಎಲ್ಲರೂ ಮರೆತು ‘ವಕೀಲೆ’ ಎಂದೇ ಕರೆಯುತ್ತಿದ್ದರು. ಹೊಗಳಿಕೆಯಾಗಿ ಅಲ್ಲ.

ಅಮ್ಮ ದೊಡ್ಡ ಮನೆಯಿಂದ ಬಂದವಳು. ಭೂಮಸೂದೆಯಲ್ಲಿ ಗದ್ದೆಗಳು ಒಕ್ಕಲಿನವರಿಗೆ ಹೋದ ಮೇಲೆ ನಾವು ದೇರೆಬೈಲಿನ ಹೆಂಚಿನ ಮನೆಗೆ ಬಂದೆವು, ಅಪ್ಪ ಪಣಂಬೂರಿನಲ್ಲಿ ಬಂದರಿನ ಕೆಲಸಗಾರರಿಗೆ ಊಟ ಹಾಕುವ ಸಣ್ಣ ಹೋಟೆಲು ಹಿಡಿದರು. ಗದ್ದೆ ಹೋದದ್ದಕ್ಕೆ ಅಮ್ಮ ಅತ್ತದ್ದನ್ನು ನಾನು ನೋಡಿಲ್ಲ. ಆದರೆ ಆ ಮಳೆಗಾಲಕ್ಕೆ ಮೊದಲಿನ ಬೇಸಿಗೆಯಲ್ಲಿ ಅವಳ ಬಲಗೈ ಎದೆಯಿಂದ ಮೇಲೆ ಹೋಗುವುದನ್ನು ನಿಲ್ಲಿಸಿತು. ಬಿದ್ದದ್ದಿಲ್ಲ, ತಾಗಿದ್ದಿಲ್ಲ. ಬಾಗಿಲಿನ ತುಕ್ಕು ಹಿಡಿದ ತಿರುಗಣೆಯ ಹಾಗೆ ಹೆಗಲು ಒಂದು ದಿನ ಬಿಗಿಯಿತು, ಮತ್ತೆ ದಿನದಿಂದ ದಿನಕ್ಕೆ ಬಿಗಿಯುತ್ತ ಹೋಯಿತು. ಡಾಕ್ಟರು ನೋಡಿ, “ಈ ಪ್ರಾಯದ ಹೆಂಗಸರಿಗೆ ಬರ್ತದೆ. ವರ್ಷವೋ ಎರಡು ವರ್ಷವೋ, ತನ್ನಷ್ಟಕ್ಕೆ ಸಡಿಲ ಆಗ್ತದೆ. ನೋವಾಗದಷ್ಟು ಕೈ ಆಡಿಸ್ತಾ ಇರಿ” ಎಂದು ಗುಳಿಗೆ ಬರೆದುಕೊಟ್ಟರು.

ಎರಡು ವರ್ಷ ಎಂಬುದು ಡಾಕ್ಟರಿಗೆ ಒಂದು ಮಾತು. ಅಮ್ಮನಿಗೆ ಅದು ದಿನವೂ ಬೆಳಗ್ಗೆ ನನ್ನ ಮುಂದೆ ಮಣೆ ಹಾಕಿ ಕುಳಿತುಕೊಳ್ಳುವ ಶಿಕ್ಷೆ. ಅವಳ ಕೂದಲು ದಪ್ಪ, ಸೊಂಟ ದಾಟುವಷ್ಟು ಉದ್ದ. ಕನ್ನಡಿ ನೋಡದೆ, ಮಾತಾಡುತ್ತಲೇ, ಎರಡೇ ಸುತ್ತಿನಲ್ಲಿ ತುರುಬು ಬಿಗಿದು ಬಿಡುತ್ತಿದ್ದವಳು. ಈಗ ನಾನು ಬಾಚಬೇಕು, ನಾನು ಕಟ್ಟಬೇಕು.

“ಇದೆಂತದು? ತುರುಬಾ, ಹುಲ್ಲಿನ ಹೊರೆಯಾ?”

“ನಿಮ್ಮ ಕೂದಲೇ ಹಾಗೆ ಅಮ್ಮ. ಕಟ್ಟುವವಳ ತಪ್ಪಲ್ಲ.”

“ಅದಕ್ಕೂ ವಾದ ಉಂಟು ನಿನ್ನತ್ರ.”

ರವಕೆಯ ತೋಳಿಗೆ ಕೈ ತೂರಿಸಲಿಕ್ಕೂ ನಾನು ಬೇಕು. ಹೊರಗೆ ಹೋಗುವ ಮಾತೆತ್ತಿದರೆ ತಲೆನೋವು ಎನ್ನತೊಡಗಿದಳು. ಮದುವೆಗಳಿಗೆ ಹೋಗುವುದು ನಿಂತಿತು. ಸಂಬಂಧಿಕರ ಮನೆಗೆ ಹೋಗುವುದು ನಿಂತಿತು. ಹೆಗಲಿನ ನೋವಿಗಿಂತ, ಮಗಳ ಕೈಯಲ್ಲಿ ತುರುಬು ಕಟ್ಟಿಸಿಕೊಂಡು ಬಂದವಳು ಎಂದು ಯಾರಾದರೂ ಕಂಡುಹಿಡಿದಾರು ಎಂಬುದೇ ಅವಳ ಸಂಕಟ. ಅವಳಿಗೆ ಬೇಕಾಗಿದ್ದದ್ದು ಒಂದೇ, ತನ್ನ ತುರುಬನ್ನು ತಾನು ಕಟ್ಟಿಕೊಳ್ಳುವುದು.

ಮಾಳಿಗೆಯ ಸುದ್ದಿ ತಂದದ್ದು ಅಬ್ಬಾಸಾಕರ ಹೆಂಡತಿ ನೆಬಿಸಮ್ಮ. ಅಮ್ಮನ ಸ್ನೇಹಿತೆ, ಮೊಣಕಾಲು ನೋವಿನವರು. “ಧಾರವಾಡ ಕಡೆಯ ಒಬ್ಬರು ಟೀಚರ್ ಬಂದಿದ್ದಾರೆ ಲಲಿತಕ್ಕ. ಅವರ ಗಂಡನಿಗೆ ಪಣಂಬೂರಿನ ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮ ಮಾಳಿಗೆಯಲ್ಲಿ ಯೋಗ ಹೇಳಿಕೊಡ್ತಾರೆ. ನಾನು ಕುರ್ಚಿಯಲ್ಲಿ ಕೂತೇ ಮಾಡುದು. ನೀವೂ ಬನ್ನಿ.”

ನಾನು ಎದ್ದು ನಿಂತೆ, ಅಕ್ಷರಶಃ. ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ ತಲೆಕೆಳಗಾಗಿ ನಿಲ್ಲುವ ಸಾಧುಗಳ ವಿದ್ಯೆಗೂ ಐವತ್ತರ ಅಂಚಿನ, ತೂಕದ, ಹೆಗಲು ಬಿಗಿದ ಹೆಂಗಸಿಗೂ ಏನು ಸಂಬಂಧ? ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವವರಲ್ಲಿ ಒಂದು ರೋಗಕ್ಕೂ ಮದ್ದಿಲ್ಲ ಎಂದು ಅರ್ಥ. ಹೀಗೆ ಸಾಕಷ್ಟು ಹೊತ್ತು ಮಾತಾಡಿದೆ. ಕೊನೆಗೆ ನೆಬಿಸಮ್ಮ, “ಇಷ್ಟು ಉಸಿರು ಹಿಡಿದು ಮಾತಾಡ್ತೀಯಲ್ಲ ಮಾರಾಯ್ತಿ, ನೀನೂ ಬಾ, ಅಲ್ಲಿ ಬೇಕಾಗ್ತದೆ” ಎಂದರು. ಅಮ್ಮ ನಕ್ಕಳು. ಬೇಸಿಗೆಯಿಂದ ಮೊದಲ ಸಲ. ಹಾಗಾಗಿ ಹೋದೆವು.

ಸರೋಜಾ ಟೀಚರನ್ನು ಕಂಡು ನನಗೆ ಗೆದ್ದಷ್ಟು ಸಂತೋಷವಾಯಿತು. ಗಿಡ್ಡ, ದಪ್ಪ, ಕಚ್ಚೆಯನ್ನು ಬಿಗಿದು ಕಟ್ಟಿದ ಇಳಕಲ್ ಸೀರೆ. ಮುಂದೆ ಬಾಗಿ ತೋರಿಸಿದಾಗ ಅವರ ಬೆರಳು ಮೊಣಕಾಲಿನಿಂದ ನಾಲ್ಕು ಅಂಗುಲ ಇಳಿದು ಅಲ್ಲೇ ನಿಂತಿತು.

“ಟೀಚರ್, ನಿಮಗೇ ಪಾದ ಮುಟ್ಟಲಿಕ್ಕೆ ಆಗುವುದಿಲ್ಲ. ನಮಗೆ ಹೇಗೆ ಕಲಿಸ್ತೀರಿ?” ಎಂದೆ.

ಅಮ್ಮ ನನ್ನ ಸೊಂಟಕ್ಕೆ ತಿವಿದಳು. ಟೀಚರ್ ಬೇಜಾರು ಮಾಡಿಕೊಳ್ಳಲಿಲ್ಲ. “ಪಾದ ಎಲ್ಲಿ ಹೋಗ್ತಾವ ತಂಗಿ? ಅಲ್ಲೇ ಇರ್ತಾವ. ಮುಟ್ಟಿ ಏನ್ ಮಾಡೂದದ? ಇಲ್ಲಿ ತನಕ ಬಾಗಿದ್ರ ನನ್ನ ಬೆನ್ನು ಬಿಡ್ತದ, ಉಸಿರು ಸಲೀಸ್ ಆಗ್ತದ. ನನಗ ಉಬ್ಬಸ ಇತ್ತು. ಅದಕ್ಕಂತನ ಕಲಿತಾಕಿ ನಾನು. ಸರ್ಕಸ್ಸಿಗೆ ಸೇರಾಕಲ್ಲ.”

ಮಾತಿಗೆ ಬದಲಾಗಿ ನಾನು ಒಂದೇ ಏಟಿಗೆ ಬಾಗಿ ನನ್ನ ಪಾದ ಮುಟ್ಟಿ ತೋರಿಸಿದೆ. ತೊಡೆಯ ಹಿಂಭಾಗದಲ್ಲಿ ಏನೋ ಚಟ್ಟೆಂದಿತು. ಆ ದಿನ ಮಾಳಿಗೆಯ ಮೆಟ್ಟಲನ್ನು ನಾನು ಅಡ್ಡಡ್ಡ ಏಡಿಯ ಹಾಗೆ ಇಳಿಯಬೇಕಾಯಿತು. ಆದರೆ ಅದಕ್ಕೆ ಮೊದಲು ಅದಕ್ಕಿಂತ ದೊಡ್ಡದು ನಡೆಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯ ಮಾತು ತುಳು. ನೆಬಿಸಮ್ಮನ ಮನೆಯ ಮಾತು ಬ್ಯಾರಿ, ಆದರೆ ನಮ್ಮೊಡನೆ ತುಳು. ಟೀಚರಿಗೆ ಮಾತ್ರ ಎಲ್ಲರೂ ಕನ್ನಡ. ತುಳುವಿನಲ್ಲಿ ‘ಸಾಕು’ ಎನ್ನಲಿಕ್ಕೆ ‘ಯಾವು’ ಎನ್ನುತ್ತಾರೆ. ಅಮ್ಮನಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ನೋವಾದಾಗ ಬಾಯಿಗೆ ಬರುವುದು ಶಾಲೆಯಲ್ಲಿ ಕಲಿತ ಭಾಷೆ ಅಲ್ಲವಲ್ಲ.

ಟೀಚರ್ ಅಮ್ಮನ ಮೊಣಕೈಗೆ ಕೈ ಕೊಟ್ಟು ನಿಧಾನವಾಗಿ ಎತ್ತತೊಡಗಿದರು. ಎದೆಯ ಮಟ್ಟಕ್ಕೆ ಬಂದಾಗ ಅಮ್ಮ, “ಯಾವು” ಎಂದಳು.

“ಬಲದ್ದುರಿ,” ಎಂದು ಟೀಚರ್ ಇನ್ನೂ ಎತ್ತಿದರು.

“ಯಾವು! ಯಾವು!”

“ಬಲಗೈರಿ ಅಕ್ಕಾರ, ಬಲಗೈ. ಇದಽ ಕೈ.” ಇನ್ನೂ ಎತ್ತಿದರು.

ಅವರ ಊರಿನಲ್ಲಿ ‘ಯಾವು’ ಎಂದರೆ ‘ಯಾವುವು’. ಯಾವ ಕೈ ಎಂದು ಅಮ್ಮ ಮತ್ತೆ ಮತ್ತೆ ಕೇಳುತ್ತಿದ್ದಾಳೆ ಎಂದು ಅವರು ತಿಳಿದರು. ನೆಬಿಸಮ್ಮ ಕುರ್ಚಿಯಿಂದ, “ಅಯ್ಯೋ ಟೀಚರ್, ಬಿಡಿ, ಬಿಡಿ, ಅವರಿಗೆ ನೋವಾಗ್ತದೆ!” ಎಂದು ಕೂಗುವಷ್ಟರಲ್ಲಿ ಅಮ್ಮ ನೆಲಕ್ಕೆ ಕುಸಿದು ಕುಳಿತಿದ್ದಳು. ಕಣ್ಣಿನಲ್ಲಿ ನೀರು. ಹೊರಗೆ ಮಳೆ ಹೆಂಚಿನ ಮೇಲೆ ಸುರಿಯುತ್ತಿತ್ತು. ಟೀಚರ್ ಏನಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡುತ್ತ ನಿಂತರು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ದಾರಿಯಲ್ಲಿ ನಾನು, “ಹೇಳಿರಲಿಲ್ಲವಾ?” ಎಂದು ಶುರು ಮಾಡಿದೆ. ಕುಂಟುತ್ತಿದ್ದ ನನಗೆ ಅಮ್ಮ ಎಡಗೈಯಿಂದ ಕೊಡೆ ಹಿಡಿದು ನಡೆದಳು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: “ಇನ್ನು ನನ್ನನ್ನು ಎಲ್ಲಿಗೂ ಕರೀಬೇಡಿ.”

ಮರುದಿನ ಮಧ್ಯಾಹ್ನ ಮಳೆಯಲ್ಲೇ ಟೀಚರ್ ನಮ್ಮ ಮನೆ ಹುಡುಕಿಕೊಂಡು ಬಂದರು. ಬಂದವರನ್ನು ಬಾಗಿಲಿನಿಂದ ಕಳಿಸುವುದು ಅಮ್ಮನ ಜಾತಕದಲ್ಲಿ ಇಲ್ಲ. ಅವಳು ಪತ್ರೊಡೆ ಬಡಿಸಿದಳು. ಬಲಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಮುಂಗೈ ಮಾತ್ರ ಆಡಿಸುತ್ತ. ಟೀಚರ್ ತಿಂದರು, “ಸಾಕ್ರಿ” ಎಂದರು. ಅಮ್ಮ ಇನ್ನೊಂದು ತುಂಡು ಹಾಕಿದಳು. “ಅಯ್ಯ, ಸಾಕ್ರಿ ಅಕ್ಕಾರ, ಖರೇನ ಸಾಕು.” ಮತ್ತೊಂದು ತುಂಡು ಬಿತ್ತು.

ಟೀಚರ್ ನನ್ನ ಕಡೆ ತಿರುಗಿ, “ತಂಗಿ, ನಿಮ್ಮ ಭಾಷಾದಾಗ ಸಾಕು ಅನ್ನಾಕ ಏನಂತಾರ ಹೇಳಿಬಿಡು. ಇಲ್ಲಾಂದ್ರ ನಾ ಉಳಿಯೂದಿಲ್ಲ” ಎಂದರು.

“ಯಾವು,” ಎಂದೆ.

“ಯಾವು!” ಎಂದು ಟೀಚರ್ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಅಮ್ಮ ನಗುತ್ತ ಬೆರಳುಗಳ ಸಂದಿಯಲ್ಲೇ ಇನ್ನೊಂದು ತುಂಡು ಜಾರಿಸಿದಳು. ಆಗ ಟೀಚರ ಮುಖದ ನಗು ತಟ್ಟನೆ ನಿಂತಿತು. ತಟ್ಟೆ ಕೆಳಗಿಟ್ಟರು.

“ಅಂದ್ರ... ನಿನ್ನೆ ನೀವು ಯಾವು ಯಾವು ಅಂದದ್ದು ಸಾಕು ಅಂತನ?”

ಅಮ್ಮ ತಲೆಯಾಡಿಸಿದಳು.

“ನಾ ಏನ್ ಮಾಡಿಬಿಟ್ಟೆ!” ಎಂದು ಟೀಚರ್ ಅಮ್ಮನ ಎಡಗೈ ಹಿಡಿದುಕೊಂಡರು. ಕೈ ಬಿಡದೆಯೇ, “ಆದ್ರ ಅಕ್ಕಾರ, ಯಾವು ಅಂದ್ರ ಸಾಕು ಅಂತ ಗೊತ್ತಿದ್ದೂ ನೀವು ಹಾಕಿದ್ರಲ್ಲ?” ಎಂದರು.

“ನಮ್ಮಲ್ಲಿ ಮೊದಲನೇ ಯಾವಿಗೆ ಯಾರೂ ನಿಲ್ಲಿಸುದಿಲ್ಲ ಟೀಚರ್. ಅದು ಬಾಯಿಮಾತು. ನಿಲ್ಲಿಸಿದ್ರೆ ಅವರಿಗೆ ಅವಮಾನ.”

“ಇರಲಿ. ನಿಮ್ಮ ಮನ್ಯಾಗ ನಿಮ್ಮ ಕಾನೂನು. ನನ್ನ ಕೋಣ್ಯಾಗ ಮಾತ್ರ ಮೊದಲನೇ ಯಾವೇ ಕಡೀ ಯಾವು. ನೀವು ಅಂದ್ರಿ, ನಾ ನಿಲ್ಲಿಸಿದೆ. ಆಗಲೇನ್ರಿ?”

ಅಮ್ಮ ನನ್ನ ಮುಖ ನೋಡಿದಳು. ನಾನು ವಿರೋಧ ಪಕ್ಷದಲ್ಲಿ ಕೂತವಳು, ಒಪ್ಪಂದಕ್ಕೆ ಆಕ್ಷೇಪ ಹುಡುಕಿದೆ. ಸಿಗಲಿಲ್ಲ.

ಮಳೆಗಾಲವಿಡೀ ಹೋದೆವು. ಮೊದಮೊದಲು ಅಲ್ಲಿ ಯೋಗ ಎನ್ನುವಂಥದ್ದು ಏನೂ ನನಗೆ ಕಾಣಲಿಲ್ಲ. ಚಾಪೆಯ ಮೇಲೆ ಮಲಗಿ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರಾಡುವುದು. ಗೋಡೆಯ ಎದುರು ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವುದು, ಸಾಕೆನಿಸಿದಲ್ಲಿ ಉಸಿರು ಬಿಟ್ಟು ಇಳಿಸುವುದು. ಅಬ್ಬಾಸಾಕರ ಅಂಗಡಿಯಿಂದ ತಂದ ಬೈರಾಸು ಎಂಬ ತೆಳು ಟವೆಲನ್ನು ಬೆನ್ನ ಹಿಂದೆ ಎರಡು ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ಮೆಲ್ಲನೆ ಎಳೆಯುವುದು. ಬಗ್ಗಲು ಆಗದವರಿಗೆ ಸ್ಟೂಲು. “ನೆಲ ಸಿಗಲಿಲ್ಲಂದ್ರ ನೆಲಾನ ಮ್ಯಾಲ ತರಬೇಕ್ರಿ. ನೀವು ಮುರಕೊಂಡು ಕೆಳಗ ಹೋಗಬ್ಯಾಡ್ರಿ” ಎನ್ನುತ್ತಿದ್ದರು ಟೀಚರ್. ಶುರುವಿಗೆ ಅವರು ಒಂದು ಶ್ಲೋಕ ಹೇಳುತ್ತಿದ್ದರು. ನೆಬಿಸಮ್ಮ ಆಗ ಕಣ್ಣು ಮುಚ್ಚಿ ಸುಮ್ಮನಿರುವುದನ್ನು ಕಂಡು ಕೆಲವು ದಿನಗಳ ಮೇಲೆ ಅದನ್ನೂ ಬಿಟ್ಟು, ಎಲ್ಲರೂ ಸುಮ್ಮನೆ ಕೂರುವುದರಿಂದ ಆರಂಭಿಸಿದರು. ಯಾರೂ ಕೇಳಿರಲಿಲ್ಲ, ಯಾರೂ ಹೇಳಲೂ ಇಲ್ಲ.

ವಯಸ್ಸಿನಲ್ಲಿ ಚಿಕ್ಕವಳು, ಮೈಯಲ್ಲಿ ಸಪೂರದವಳು ನಾನೊಬ್ಬಳೇ. ಅಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳೂ ನಾನೇ. ಮಲಗಿ ಮೈಬಿಡುವ ಶವಾಸನದಲ್ಲಿ ನನ್ನ ತಲೆ ಮುಂದಿನ ಸ್ಪರ್ಧೆಯ ಎದುರಾಳಿಗಳಿಗೆ ಉತ್ತರ ಹೊಸೆಯುತ್ತಿತ್ತು, ಹಲ್ಲು ಕಚ್ಚಿಕೊಂಡಿರುತ್ತಿತ್ತು. ಟೀಚರ್ ಬಂದು ಹಣೆಯ ಗಂಟಿನ ಮೇಲೆ ಬೆರಳಿಟ್ಟು, “ತಂಗಿ, ಹೆಣ ವಾದ ಮಾಡೂದಿಲ್ಲ” ಎನ್ನುತ್ತಿದ್ದರು. ಪಕ್ಕದ ಚಾಪೆಯಿಂದ ಅಮ್ಮ ಹೊಟ್ಟೆ ಕುಲುಕಿಸಿ ನಗುವುದು ಕೇಳಿಸುತ್ತಿತ್ತು. ‘ಯಾವು’ ಎನ್ನಲಿಕ್ಕೂ ನಾನೇ ಕೊನೆಗೆ ಕಲಿತದ್ದು. ಚರ್ಚೆಯಲ್ಲಿ ಸಾಕೆಂದವರು ಸೋತವರು. ಇಲ್ಲಿ ಸಾಕೆಂದವರು ಮರುದಿನ ನೋವಿಲ್ಲದೆ ಮತ್ತೆ ಬರುತ್ತಿದ್ದರು, ನಿನ್ನೆಯ ಸಾಕು ಇವತ್ತು ಒಂದು ಬೆರಳಿನಷ್ಟು ಮುಂದೆ ಹೋಗಿರುತ್ತಿತ್ತು. ಇದು ಅರ್ಥವಾಗಲಿಕ್ಕೆ ನನಗೆ ಜೋರು ಮಳೆಯ ಆಟಿ ತಿಂಗಳು ಕಳೆಯಬೇಕಾಯಿತು. ಆ ವರ್ಷ ಚರ್ಚೆಯ ಶೀಲ್ಡು ನಮ್ಮ ಕಾಲೇಜಿಗೆ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಎದುರಿನವನು ನಿಜಕ್ಕೂ ಚೆನ್ನಾಗಿ ಮಾತಾಡಿದ್ದ. ಅವನ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡದ್ದು ಮಾತ್ರ ಹೊಸತು.

ಮಳೆ ಸ್ವಲ್ಪ ಹೊಳವು ಕೊಡತೊಡಗಿದ ದಿನಗಳಲ್ಲಿ ಕಾಟಿಪಳ್ಳದಿಂದ ಚಿಕ್ಕಮ್ಮ ಬಂದರು. ಅಮ್ಮನ ತಂಗಿ. ಮಗಳಿಗೆ ಮದುವೆ ನಿಶ್ಚಯವಾಗಿತ್ತು, ಕರೆಯಲಿಕ್ಕೆ ಬಂದದ್ದು. ಊಟಕ್ಕೆ ಕುಳಿತರು. ಅಮ್ಮ ಕೋಳಿಪದಾರ್ಥ ಬಡಿಸುತ್ತಿದ್ದಳು, ಚಿಕ್ಕಮ್ಮ ವಾಡಿಕೆಯಂತೆ “ಯಾವು ಯಾವು” ಎಂದರು. ಅಮ್ಮ ಸೌಟನ್ನು ಹಿಂದಕ್ಕೆ ತೆಗೆದುಕೊಂಡು ಪಾತ್ರೆಯ ಮುಚ್ಚಳ ಮುಚ್ಚಿದಳು.

ಚಿಕ್ಕಮ್ಮನ ಕೈ ಬಾಯಿಯ ಹತ್ತಿರ ನಿಂತಿತು. “ಎಂತ ಅಕ್ಕ, ಕೋಪವಾ?”

“ಕೋಪ ಎಂತದು? ನೀನೇ ಯಾವು ಹೇಳಿದ್ದಲ್ವಾ?”

“ಯಾವು ಹೇಳಿದ್ರೆ ನಿಲ್ಲಿಸ್ಲಿಕ್ಕುಂಟಾ? ನಾನು ಮದುವೆಗೆ ಹೇಳ್ಲಿಕ್ಕೆ ಬಂದವಳು ಮಾರಾಯ್ತಿ! ಗದ್ದೆ ಹೋದದ್ದು ಗೊತ್ತಿತ್ತು, ಕೈಯೂ ಸಣ್ಣ ಆಯ್ತಾ?”

ಅಮ್ಮ ಗಾಬರಿಯಾಗಿ ಮುಚ್ಚಳ ತೆಗೆದು ಎರಡು ಸೌಟು ಸುರಿದಳು. ಅಡಿಗೆಮನೆಗೆ ಬಂದು ನನ್ನನ್ನು ನೋಡಿದ್ದೇ ಇಬ್ಬರಿಗೂ ನಗು ತಡೆಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳು ನಡುವೆಯೇ ನಿಂತು, “ಮದುವೆಗೆ ಹೋಗದಿದ್ದರೆ ಅವಳು ಇನ್ನು ಮಾತಾಡ್ಲಿಕ್ಕಿಲ್ಲ” ಎಂದಳು. ಒಂದು ಗಳಿಗೆ ಬಿಟ್ಟು, ಬಲಗೈಯನ್ನು ಕತ್ತಿನ ಕಡೆಗೆ ಒಯ್ಯಲು ನೋಡಿದಳು. ಹೆಗಲಿನ ಮಟ್ಟದಲ್ಲಿ ಕೈ ನಿಂತಿತು. “ನೀನು ಕಟ್ಟಿದ ತುರುಬಿನಲ್ಲಿ ನಾನು ಅವಳ ಮನೆಯ ಮದುವೆಗೆ ಹೋಗುದಿಲ್ಲ, ಹೇಳಿದ್ದೇನೆ.”

ಆ ದಿನದಿಂದ ಮನೆಯ ಗೋಡೆಯ ಮೇಲೂ ಬೆರಳಿನ ಇರುವೆ ನಡೆಯತೊಡಗಿತು. ಸುಣ್ಣದ ಗೋಡೆಯಲ್ಲಿ ಎಣ್ಣೆಯ ಕಲೆ ದಿನದಿಂದ ದಿನಕ್ಕೆ ಮೇಲೇರುವುದನ್ನು ಕಂಡು ಅಪ್ಪ, “ಈ ಹಲ್ಲಿ ಎಲ್ಲಿಯವರೆಗೆ ಹೋಗ್ತದೆ?” ಎಂದು ಕೇಳಿದರು. “ಮಾಡಿನವರೆಗೆ” ಎಂದಳು ಅಮ್ಮ.

ಈಗ ನನ್ನ ವಿರುದ್ಧದ ವಾದವನ್ನು ನಾನೇ ಮಂಡಿಸುತ್ತೇನೆ, ಬೇರೆಯವರಿಗೆ ಆ ಸುಖ ಯಾಕೆ? ಹೆಗಲು ತನ್ನಷ್ಟಕ್ಕೆ ಸಡಿಲವಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಿರುವಾಗ ಅದನ್ನು ಬಿಡಿಸಿದ್ದು ಯೋಗವೋ ಕಾಲವೋ? ಯೋಗ ಮಾಡದೆ ಮನೆಯಲ್ಲೇ ಕುಳಿತಿದ್ದ ಇನ್ನೊಬ್ಬ ಅಮ್ಮ ನನ್ನ ಬಳಿ ಇಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಲಿಸಲಿಕ್ಕೆ. ಆದ್ದರಿಂದ ಗೊತ್ತಿಲ್ಲ. ಟೀಚರೂ ಒಂದು ದಿನವೂ ವಾಸಿ ಮಾಡುತ್ತೇನೆ ಎನ್ನಲಿಲ್ಲ, ಗುಳಿಗೆ ಬಿಡಿ ಎನ್ನಲಿಲ್ಲ. ನಾನು ಅವರಿಗೆ ಸೋತದ್ದು ಅಲ್ಲಿಯೇ. ಸುಳ್ಳು ಹೇಳದವರ ಎದುರು ನನ್ನಂಥವರಿಗೆ ಕೆಲಸವಿಲ್ಲ.

ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬಲ್ಲೆ. ಮಗ್ಗುಲು ಬದಲಾಯಿಸಲಾರದೆ ನರಳುತ್ತಿದ್ದ ಅಮ್ಮ ನಿದ್ದೆ ಮಾಡತೊಡಗಿದಳು. ಕೈಯನ್ನು ಎದೆಗೆ ಅವಚಿ ಹಿಡಿದು ಅದಕ್ಕೆ ಹೆದರಿ ನಡೆಯುವುದನ್ನು ಬಿಟ್ಟಳು. ಮಳೆಯಲ್ಲೂ ಕೊಡೆ ಹಿಡಿದು ಮನೆಯಿಂದ ಹೊರಬಿದ್ದಳು. ಮೆಟ್ಟಲಿನ ಮೇಲೆ ಕುಳಿತು ಕುಳಿತು ಇಳಿಯುತ್ತಿದ್ದ ನೆಬಿಸಮ್ಮ, ಗೋಡೆ ಹಿಡಿದು ನಿಂತೇ ಇಳಿಯತೊಡಗಿದರು. ಕೆಳಗೆ ಅಬ್ಬಾಸಾಕ, “ಬಂತು ನೋಡಿ ಎಕ್ಸ್‌ಪ್ರೆಸ್” ಎನ್ನುತ್ತಿದ್ದರು. ನಾನಂತೂ ವೇದಿಕೆ ಹತ್ತುವ ಮೊದಲು ಗಂಟಲು ಒಣಗಿದರೆ ಒಂದು ಉದ್ದದ ಉಸಿರು ಬಿಡುತ್ತೇನೆ, ಇವತ್ತಿಗೂ. ಇಷ್ಟಕ್ಕೆ ಯಾರೂ ಮೊದಲೇ ಗಟ್ಟಿಮುಟ್ಟಾಗಿ ಇರಬೇಕಾಗಿಲ್ಲ. ಒಂದು ಗೋಡೆ, ಒಂದು ಚಾಪೆ, ಮತ್ತೆ ‘ಸಾಕು’ ಎಂದು ಮೊದಲ ಸಲ ಹೇಳಿದಾಗಲೇ ಅದನ್ನು ನಂಬುವ ಒಬ್ಬರು ಇದ್ದರೆ ಆಯಿತು.

ಮದುವೆಯ ದಿನ ಬೆಳಗ್ಗೆ ಬಿಸಿಲು ಬಂದಿತ್ತು. ನಾನು ಬಾಚಣಿಗೆ, ಕ್ಲಿಪ್ಪು, ಮಲ್ಲಿಗೆಯ ಚೆಂಡು ಹಿಡಿದುಕೊಂಡು ಒಳಕೋಣೆಗೆ ಹೋದೆ. ಅಮ್ಮ ಆಗಲೇ ಕನ್ನಡಿಯ ಮುಂದೆ ನಿಂತಿದ್ದಳು, ಕೂದಲು ಹರಡಿಕೊಂಡು. ಮಣೆ ಹಾಕಿರಲಿಲ್ಲ.

ಎಡಗೈಯಿಂದ ಕೂದಲನ್ನು ಒಟ್ಟುಮಾಡಿ ಕತ್ತಿನ ಹಿಂದೆ ಹಿಡಿದಳು. ಬಲಗೈಯನ್ನು ಪಕ್ಕದ ಗೋಡೆಗೆ ಕೊಟ್ಟಳು. ಬೆರಳುಗಳು ನಡೆದವು, ಕಲೆಯ ಮೇಲೆ ಕಲೆಯಾಗಿ, ಹೆಗಲಿನ ಮಟ್ಟ, ಕಿವಿಯ ಮಟ್ಟ. ಅಲ್ಲಿಂದ ಮೇಲೆ ಹೋಗಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಉಸಿರನ್ನು ನಿಧಾನವಾಗಿ ಬಿಟ್ಟು, ಗೋಡೆಯಿಂದ ಕೈ ತೆಗೆದು, ತಲೆಯನ್ನು ಮುಂದಕ್ಕೆ ಬಾಗಿಸಿದಳು. ಕೈ ಅಲ್ಲಿಯೇ ಕಾದಿತ್ತು, ಕತ್ತೇ ಅದರ ಹತ್ತಿರ ಬಂತು. ನೆಲ ಸಿಗದಿದ್ದರೆ ನೆಲವನ್ನೇ ಮೇಲೆ ತರಬೇಕು.

ಒಂದು ಸುತ್ತು. ಎರಡನೆಯದಕ್ಕೆ ತುಟಿ ಕಚ್ಚಿದಳು. ತುರುಬು ನಿಂತಿತು. ಹಿಂದಿನಂತೆ ಎತ್ತರದಲ್ಲಿ ಅಲ್ಲ, ಕತ್ತಿನ ಬುಡದಲ್ಲಿ. ಸಡಿಲ, ಎಡಕ್ಕೆ ವಾಲಿದ್ದು. ನನ್ನ ಕೈಯಿಂದ ಮಲ್ಲಿಗೆ ತೆಗೆದುಕೊಂಡು ಸುತ್ತಿದಳು. ಅದೂ ಎಡಕ್ಕೇ ವಾಲಿತು, ಒಂದೆಳೆ ಕೂದಲು ಕಿವಿಯ ಹಿಂದೆ ತಪ್ಪಿಸಿಕೊಂಡು ಇಳಿಯಿತು.

ಒಂದು ಕ್ಲಿಪ್ಪು ಸಿಕ್ಕಿಸಿದರೆ ಸರಿಯಾಗುತ್ತಿತ್ತು. ನಾನು ಕೈ ಚಾಚಿದೆ. ಕನ್ನಡಿಯೊಳಗಿಂದ ಅಮ್ಮ ನನ್ನ ಕೈಯನ್ನು ನೋಡಿ, “ಯಾವು” ಎಂದಳು.

ಕ್ಲಿಪ್ಪಿನ ಪರವಾಗಿ ನನ್ನ ಹತ್ತಿರ ಒಳ್ಳೆಯ ವಾದವಿತ್ತು, ನಾಲಗೆಯ ತುದಿಯಲ್ಲಿ. ಆದರೆ ಅದು ಮೊದಲನೆಯ ಯಾವು. ನಾನು ಕ್ಲಿಪ್ಪನ್ನೂ ಬಾಚಣಿಗೆಯನ್ನೂ ಕೆಳಗಿಟ್ಟೆ.